ಕ್ಲಚ್ ಇಲ್ಲದ ಕಾರಿನ ಹೊಟ್ಟೆಯೊಳಗೆ

ಹಾಲ್ಕುರಿಕೆ ಕಡೆಯ ಗೌಡರೊಬ್ಬರ ಹಳೇ ಫಾರಿನ್ ಕಾರಿಗೆ ನಾನು ಡ್ರೈವರಾಗಿದ್ದೆ. ಕ್ಲಚ್ಚೇ ಇಲ್ಲದ, ಗೇರನ್ನು ತಾನೇ ಬದಲಾಯಿಸಿಕೊಳ್ಳುವ ಕಾರು. ಒಂದು ದಿನ ಇಂಜಿನ್ ಗುರುಗುಟ್ಟಿತೇ ಹೊರತು ಗಾಡಿ ಕದಲಲಿಲ್ಲ. ತಿಪಟೂರಿನಲ್ಲಿ ಯಾರೂ ಕೈ ಹಾಕಲು ಒಪ್ಪಲಿಲ್ಲ. ಗೌಡರು ಗುಜರಿಗೆ ಹಾಕ್ತೀನಿ ಅಂದರು. ಕಾರು ಹೋದರೆ ನನ್ನ ಕೆಲಸವೂ ಹೋದಂತೆಯೇ.

"ಒಂದ್ಸಲ ಗೇರ್‌ಬಾಕ್ಸ್ ಆಯಿಲ್ ಬದಲಾಯ್ಸಿ ನೋಡ್ತೀನಿ ಬುಡಿ ಗೌಡ್ರೇ," ಅಂದೆ.

ಬೆಂಗಳೂರಿನಿಂದ ಆಯಿಲ್ ತರಿಸಿ, ಕಾಯಿ ಸುಲಿಯುವ ಅಂಗಳದಲ್ಲೇ ಕಾರಿನಡಿ ಮಲಗಿ ಗೇರ್‌ಬಾಕ್ಸಿನ ತಳ ಬಿಚ್ಚಿದೆ. ಸುಟ್ಟ ವಾಸನೆಯ ಕಪ್ಪು ಎಣ್ಣೆ ಸುರಿಯಿತು. ಜಾಲರಿಯ ಫಿಲ್ಟರ್ ಮಸಿಯಿಂದ ಮುಚ್ಚಿಹೋಗಿತ್ತು. ಅದನ್ನು ತೆಗೆದು ಟಾರ್ಚ್ ಬಿಟ್ಟರೆ, ಹಲ್ಲಿನ ಚಕ್ರದ ಸುಳಿವೇ ಇಲ್ಲ! ಅಂಕುಡೊಂಕಾದ ಪುಟ್ಟ ಪುಟ್ಟ ಕಾಲುವೆಗಳು.

ಗೌಡರ ಹೆಂಡತಿ ಗಂಗಮ್ಮನವರೂ ಬಗ್ಗಿ ನೋಡಿದರು. "ಅಯ್ಯೋ, ನಮ್ ತೋಟದ ಕಾಲ್ವೆ ಇದ್ದಂಗೈತೆ ಕಣಪ್ಪ! ಇಲ್ಲಿ ನೀರು ತಿರುಗ್ಸೋರು ಯಾರು?"

"ಯಾರೂ ಬ್ಯಾಡ, ಒತ್ತಡ ಏರ್ದಂಗೆ ಎಣ್ಣೆಗೆ ಎಣ್ಣೇನೇ ದಾರಿ ಬಿಡ್ತದೆ, ಗೇರು ಬದಲಾಯ್ತದೆ ಕಣಮ್ಮ." ಹೇಳುತ್ತಾ ನನಗೇ ಮೈ ಜುಮ್ಮೆಂದಿತು.

ಜಾಲರಿಯನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ ಕೂರಿಸಿದೆ, ತಳ ಬಿಗಿದು ಹೊಸ ಆಯಿಲ್ ಹುಯ್ದೆ. ಗೇರಿಗೆ ಹಾಕಿ ಬ್ರೇಕ್ ಬಿಟ್ಟ ಕೂಡಲೇ ಕಾರು ಮೆಲ್ಲಗೆ ತಾನಾಗಿ ಹೊರಟಿತು. ಗಂಗಮ್ಮನವರು ಕೈ ಮುಗಿದೇಬಿಟ್ಟರು.

ಅಂದಿನಿಂದ ನಾನೂ ಆ ಕಾರಿನಲ್ಲಿ, ಗುಡಿಯೊಳಗೆ ಕೂತಂತೆ, ತುಳಿಯಲು ಕ್ಲಚ್ಚಿಲ್ಲದೆ ಬಿಡುವಾಗಿದ್ದ ಎಡಗಾಲಿನ ಚಪ್ಪಲಿ ಬಿಟ್ಟೇ ಕೂರುತ್ತಿದ್ದೆ. ಬ್ರೇಕು, ಆಕ್ಸಿಲರೇಟರ್ ಎರಡನ್ನೂ ತುಳಿಯುವ ಬಲಗಾಲಿಗೆ ಭಕ್ತಿ ತೋರಿಸಲು ಪುರುಸೊತ್ತೆಲ್ಲಿತ್ತು?