ಸೊಂಟದಲ್ಲಿ ತೂಗುತ್ತಿದ್ದ ಗುಟ್ಟು

ನನ್ನ ಹೆಂಡತಿಯ ತಮ್ಮ ಬೀಗ ರಿಪೇರಿಯವನು. ಎಲ್ಲರ ಬಾಯಲ್ಲೂ ಅವನು ಚಿಲಕಪ್ಪ. ಒಮ್ಮೆ ಒಂದು ಮೊಂಡು ಬೀಗವನ್ನು ಅವನು ಮುಟ್ಟಲೇ ಇಲ್ಲ, ಎದುರಿಗೆ ಕೂತು ಅರ್ಧ ಗಂಟೆ ಬೈದ, ನಾಚಿಕೆಯಿಂದ ಅದೇ ತೆರೆದುಕೊಂಡಿತು. ನಂಬದವರು ಆ ಬೀಗವನ್ನೇ ಕೇಳಿ.

ಅವನ ಒಂದೇ ಆಸೆ ಕೀಲಿಕೈ ಕೊರೆಯುವ ಮಷೀನು. ಅರ ಹಿಡಿದು ಉಜ್ಜಿ ಉಜ್ಜಿ ಅವನ ಹೆಬ್ಬೆರಳಿನ ಗೆರೆಗಳೇ ಅಳಿಸಿಹೋಗಿವೆ. ಹನ್ನೊಂದು ವರ್ಷ ಕೂಡಿಟ್ಟ ದುಡ್ಡು ಬ್ಯಾಂಕಿನಲ್ಲಿತ್ತು, ಬ್ಯಾಂಕು ಫೋನಿನಲ್ಲಿತ್ತು, ಎರಡಕ್ಕೂ ಒಂದೇ ನಾಲ್ಕಂಕಿಯ ನಂಬರು.

ಅಂಥವನಿಗೆ ಒಂದು ಕರೆ ಬಂತು. ಹ್ಯಾಕರ್‌ಗಳ ಸಮ್ಮೇಳನವಂತೆ. ಫೋನು, ಕಂಪ್ಯೂಟರುಗಳಲ್ಲಿ ಎಲ್ಲೆಲ್ಲಿ ತೂತಿದೆ ಎಂದು ಹುಡುಕುವುದೇ ಅವರ ಕಸುಬು. ಬೀಗ ಬಿಚ್ಚುವುದೆಂದರೂ ಅವರಿಗೆ ಬಲು ಇಷ್ಟವಂತೆ, ಅದಕ್ಕೊಂದು ಬೇರೆ ಮೇಜೇ ಇರುತ್ತದಂತೆ. ಹಳೇ ಬೀಗಗಳ ಮರ್ಮ ತೋರಿಸಲು ಇವನು ಬರಬೇಕು.

ಇವನ ಮಗಳಿಗೆ ಆ ಲೋಕ ಗೊತ್ತು. ಫೋನು, ಬ್ಯಾಂಕಿನ ಕಾರ್ಡು ಮನೆಯಲ್ಲೇ ಇರಲಿ, ಖರ್ಚಿಗಾಗುವಷ್ಟು ನೋಟು ಮಾತ್ರ ಸಾಕು, ಅಲ್ಲಿನ ಬಿಟ್ಟಿ ವೈಫೈಗೂ ಚಾರ್ಜರಿಗೂ ಕೈ ಹಚ್ಚಬಾರದು ಎಂದು ಪಾಠ ಹೇಳಿದಳು. ಎಲ್ಲಕ್ಕೂ ತಲೆಯಾಡಿಸಿದ, ಫೋನಿನ ಮಾತೊಂದನ್ನು ಬಿಟ್ಟು.

"ಮನೆ ಬಾಗಿಲಿನ ಬೀಗ ಹಾಕಿದವನು ನಾನೇ ಕಣಮ್ಮ. ಅದನ್ನ ಬಿಚ್ಚೋದು ಎಷ್ಟು ಸುಲಭ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಹಾಗಾಗಿ ಫೋನು ಆರಿಸಿ ತಗಡಿನ ಡಬ್ಬಿಗೆ ಹಾಕಿದ. ಡಬ್ಬಿಗೆ ತನ್ನ ಜೀವಮಾನದ ಅತಿ ಗಟ್ಟಿ ಬೀಗ ಜಡಿದ. ಡಬ್ಬಿಯನ್ನು ಮಗುವಿನಂತೆ ಕಂಕುಳಲ್ಲಿ ಇಟ್ಟುಕೊಂಡು ಹೊರಟ. ನಾನೂ ಜೊತೆಗೆ ಹೋದೆ. ಬಿಟ್ಟಿ ಕಾಫಿ ಇದೆ ಅಂದಿದ್ದರು.

ದೊಡ್ಡ ಸಭಾಂಗಣ. ಬೀಗದ ಮೇಜಿನ ಸುತ್ತ ಮೂವತ್ತು ಜನ, ಮೇಲೊಂದು ಕ್ಯಾಮೆರಾ. ಇವನ ಕೈಚಳಕ ಹಿಂದಿನ ಪರದೆಯಲ್ಲಿ ಆನೆಯಷ್ಟು ದೊಡ್ಡದಾಗಿ ಕಾಣುತ್ತಿತ್ತು. ಕಡ್ಡಿ ಆಡಿಸಿ ಏಳು ಬೀಗ ತೆರೆದ. ನನಗೆ ಎಣಿಸಲು ಬಂದಿದ್ದು ಅಷ್ಟು, ನಿಜಕ್ಕೂ ಎಪ್ಪತ್ತಿರಬೇಕು. ಚಪ್ಪಾಳೆಗೆ ಉಬ್ಬಿ ಎಂಟನೆಯದಕ್ಕೆ ಮುಂದಕ್ಕೆ ಬಾಗಿದಾಗ ಸೊಂಟದ ಸರಪಳಿಯ ಕೀಲಿಕೈ ಮೇಜಿನ ಮೇಲೆ ಬಿತ್ತು.

ಆ ಮೇಜಿನ ಉಸ್ತುವಾರಿಯ ಹೆಣ್ಣುಮಗಳು ಪರದೆ ನೋಡಿ ನಕ್ಕಳು. "ಇದು ಯಾವ ಬೀಗದ್ದು ಅಜ್ಜ? ಕಚ್ಚುಗಳು ವಿಚಿತ್ರವಾಗಿವೆ. ಏಳು, ಎರಡು, ಒಂಬತ್ತು..."

ಚಿಲಕಪ್ಪನ ಮುಖ ಸುಣ್ಣವಾಯಿತು. ವಿಷಯ ಹೀಗಿತ್ತು: ಅಂಕಿ ಅವನ ತಲೆಯಲ್ಲಿ ನಿಲ್ಲುವುದಿಲ್ಲ, ಕೀಲಿಕೈ ಕೈಯಿಂದ ಮರೆಯಾಗುವುದಿಲ್ಲ. ಆದ್ದರಿಂದ ಫೋನಿನ ನಂಬರನ್ನೇ ಒಂದು ಕೀಲಿಕೈಯಲ್ಲಿ ಕೊರೆದಿದ್ದ. ಅಂಕಿ ದೊಡ್ಡದಾದಷ್ಟೂ ಕಚ್ಚು ಆಳ. ಹೆಬ್ಬೆರಳಲ್ಲಿ ಸವರಿ ನಂಬರು ಒತ್ತುತ್ತಿದ್ದ. ಮನೆಯವರಿಗೂ ಗೊತ್ತಿರಲಿಲ್ಲ. ಕೀಲಿಕೈಯನ್ನು ಕಣ್ಣಲ್ಲೇ ಓದುವ ಮೂವತ್ತು ಜನರ ಮುಂದೆ ಈಗ ಅದು ಪರದೆಯಲ್ಲಿ ಬಾಗಿಲಗಲ ಬಿದ್ದುಕೊಂಡಿತ್ತು.

ಆಕೆ ಜಾಣೆ. ಕೀಲಿಕೈಯ ನಾಲ್ಕೇ ಕಚ್ಚು, ಅವನ ಮುಖ ನೋಡಿ ಇದು ಫೋನಿನ ನಂಬರೆಂದು ಊಹಿಸಿ ನಾಲ್ಕನೆಯದನ್ನು ನುಂಗಿದಳು, ಕ್ಯಾಮೆರಾಕ್ಕೆ ಕೈ ಅಡ್ಡ ಹಿಡಿದಳು. ಮೆಲ್ಲಗೆ ಅಂದಳು: "ಜೇಬಿಗೆ ಹಾಕ್ಕೊಳ್ಳಿ ಅಜ್ಜ. ಫೋನ್ ಇಲ್ಲಿ ತೆಗೀಬೇಡಿ. ಸೀದಾ ಮನೆಗೆ ಹೋಗಿ ನಂಬರ್ ಬದಲಾಯಿಸಿ."

ಬಸ್ಸಿನಲ್ಲಿ ಅವನು ಡಬ್ಬಿಯನ್ನು ಎರಡೂ ಕೈಯಿಂದ ತಬ್ಬಿಕೊಂಡಿದ್ದ. ಕೆಮ್ಮಿದವರನ್ನೆಲ್ಲ ಅನುಮಾನದಿಂದ ನೋಡಿದ, ನನ್ನನ್ನೂ ಬಿಡಲಿಲ್ಲ. ಮನೆಗೆ ಬಂದರೆ ಗಾಬರಿಯಲ್ಲಿ ಅವನ ಬೀಗ ಅವನಿಗೇ ತೆರೆಯಲಿಲ್ಲ. ಕೊನೆಗೆ ಮಗಳು ತಗಡು ಕತ್ತರಿಸಿ ಫೋನು ತೆಗೆದಳು. ದುಡ್ಡು ಪೂರ್ತಿ ಇತ್ತು. ಫೋನಿಗೊಂದು, ಬ್ಯಾಂಕಿಗೊಂದು ಬೇರೆ ನಂಬರು ಹಾಕಿಸಿ, ಶಾಲೆಯ ಮಗ್ಗಿಯಂತೆ ಎರಡನ್ನೂ ಬಾಯಿಪಾಠ ಮಾಡಿಸಿದಳು. ಹಳೆಯ ಕೀಲಿಕೈಯನ್ನು ಅವನು ಅರದಿಂದ ನುಣ್ಣಗೆ ಬೋಳಿಸಿದ. ಮುಂದಿನ ವಾರವೇ ಮಷೀನು ಬಂತು.

ಮರುವರ್ಷವೂ ಕರೆ ಬಂತು. ಈ ಸಲ ಬರಿಗೈಲಿ ಹೋದ, ಆದರೆ ಸರಪಳಿಯಲ್ಲಿ ಹೊಸದೊಂದು ಕೀಲಿಕೈ ತೂಗುತ್ತಿತ್ತು. ನಲವತ್ತು ಜನ ಕದ್ದುಮುಚ್ಚಿ ಅದರ ಫೋಟೊ ಹಿಡಿದರಂತೆ. ಇದ್ಯಾವುದಪ್ಪ ಅಂತ ಕೇಳಿದೆ.

"ನಿಮ್ಮ ಮನೆ ಬಚ್ಚಲಿಂದು ಭಾವ."

ಅಂದಿನಿಂದ ಸೋಪು ಬೇಗ ಸವೆದರೆ ಆ ನಲವತ್ತು ಜನರನ್ನು ನೆನೆದು ನಾನು ಹೆಂಡತಿಯ ಮೇಲೆ ರೇಗುವುದಿಲ್ಲ.