ಖಾಲಿ ಸೀಸೆಯಲ್ಲಿ ಗುಲಾಬಿ

ಕೊರೊನಾ ವಾಸಿಯಾದ ಮೇಲೂ ವಾಸನೆ, ರುಚಿ ಮರಳದವರ ಬಗ್ಗೆ ಡಾಕ್ಟರೊಬ್ಬರು ಸಂಶೋಧನೆ ನಡೆಸುತ್ತಿದ್ದರು. ಅವರ ಪರವಾಗಿ ಮನೆಮನೆಗೆ ಹೋಗಿ ಪರೀಕ್ಷೆ ಮಾಡಿ ಬರೆದುಕೊಂಡು ಬರುವುದು ನನ್ನ ಕೆಲಸ. ನಾನು ಚಳ್ಳಕೆರೆಯವಳು. ನನಗೂ ವಾಸನೆ ಹೋಗಿತ್ತು, ಎರಡು ವಾರದಲ್ಲಿ ಏನೂ ಮಾಡದೆ ತಾನಾಗಿ ಬಂತು. ಹಾಗಾಗಿ ಬರದೇ ಇದ್ದವರ ಮುಂದೆ ಕೂತಾಗ ಒಂಥರಾ ತಪ್ಪಿತಸ್ಥಳಂತೆ ಅನಿಸುತ್ತಿತ್ತು.

ತಿಂಗಳಿಗೊಮ್ಮೆ ಬಸ್ಸಿನಲ್ಲಿ ಮೊಳಕಾಲ್ಮೂರಿಗೆ ಹೋಗಬೇಕಿತ್ತು. ಸೀಟು ಸಿಕ್ಕರೂ ಸೊಂಟ ನೋವು, ಸಿಗದಿದ್ದರೆ ಕಾಲು ನೋವು. ಕೈಯಲ್ಲಿ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ನೋಡಲು ಒಂದೇ ಥರದ ಐದು ಕಂದು ಸೀಸೆಗಳು. ನಾಲ್ಕರಲ್ಲಿ ಗುಲಾಬಿ, ನಿಂಬೆ, ಲವಂಗ, ನೀಲಗಿರಿ. ಇನ್ನೊಂದರಲ್ಲಿ ಬರೀ ಹತ್ತಿ, ಊಹಿಸಿ ಹೇಳುವವರು ಗೊತ್ತಾಗಲಿ ಅಂತ. ವಾಸನೆಯ ನಾಲ್ಕು ಸೀಸೆಗಳನ್ನು ಅವರವರ ಮನೆಗೂ ಕೊಟ್ಟಿದ್ದೆವು. ಬೆಳಿಗ್ಗೆ, ಸಂಜೆ ಒಂದೊಂದನ್ನೇ ಮೂಸಬೇಕು. ಮೂಗಿಗೆ ಮತ್ತೆ ಅಕ್ಷರ ಕಲಿಸಿದ ಹಾಗೆ ಎಂದು ಡಾಕ್ಟರು ಹೇಳಿದ್ದರು.

ಅಲ್ಲಿ ನೇಕಾರರ ಮನೆಯ ಸೊಸೆಯೊಬ್ಬಳಿದ್ದಳು. ಗಂಡ ಮಗ್ಗದ ಮೇಲೆ, ಇವಳು ಪಕ್ಕದಲ್ಲಿ ನೂಲು ಸುತ್ತುವ ಕೆಲಸ. ಜ್ವರ ಬಿಟ್ಟ ಮೇಲೆ ಮೊದಲು ಯಾವ ವಾಸನೆಯೂ ಇರಲಿಲ್ಲವಂತೆ. ಆಮೇಲೆ ಈರುಳ್ಳಿ ಹುರಿದರೆ ಕೊಳೆತ ನಾತ, ಕಾಫಿಗೆ ರಬ್ಬರು ಸುಟ್ಟ ನಾತ. ಒಲೆ ಹತ್ತಿರ ನಿಂತರೆ ಓಕರಿಕೆ. ಮೊಸರನ್ನ ಒಂದನ್ನೇ ತಿಂದುಕೊಂಡು ಅರ್ಧ ಆಗಿದ್ದಳು. ಅವಳ ಅತ್ತೆಗೆ ಇದು ಯಾವುದರಲ್ಲೂ ನಂಬಿಕೆ ಇರಲಿಲ್ಲ. ನಾನು ಹೋದಾಗಲೆಲ್ಲ "ರಾಮ್ಮಾ, ಕೂರ್ಚೋ" ಎಂದು ತೆಲುಗಿನಲ್ಲೇ ಕರೆದು, ಕೂರಲು ಚಾಪೆ ಹಾಸುತ್ತಿದ್ದರು, ಆಮೇಲೆ ಶುರು: "ಜ್ವರ ಎಲ್ರಿಗೂ ಬಂದಿತ್ತಲ್ಲಮ್ಮ. ನಮ್ಗೆಲ್ಲ ಮೂಗು ಸರಿಯಾಗೇ ಐತೆ. ಇವಳಿಗೆ ಒಲೆ ಕಂಡ್ರೇ ಆಗಲ್ಲ, ಅಷ್ಟೇ."

ಮೊದಲ ತಿಂಗಳು ಅವಳು ಒಂದೂ ಗುರುತಿಸಲಿಲ್ಲ. ಎರಡನೇ ತಿಂಗಳು ಎರಡು ಸರಿ. ಮೂರನೇ ತಿಂಗಳು ಕಣ್ಣು ಮುಚ್ಚಿಕೊಂಡೇ ಐದಕ್ಕೆ ಐದು ಸರಿ ಹೇಳಿದಳು, ಹತ್ತಿಯ ಸೀಸೆಗೆ "ಇದ್ರಲ್ಲಿ ಏನೂ ಇಲ್ಲ" ಎಂದಳು. ಬಸ್ ಸ್ಟ್ಯಾಂಡಿನಿಂದಲೇ ಡಾಕ್ಟರಿಗೆ ಫೋನ್ ಮಾಡಿ ಹೇಳಿದ್ದೆ. ಆ ದಿನ ಸುಸ್ತೂ ಕಡಿಮೆ ಇತ್ತು.

ನಾಲ್ಕನೇ ಸಲ ಹೋಗುವಾಗ, ತಳಕು ಊರು ದಾಟಿದ ಮೇಲೆ ಡ್ರೈವರ್ ಅಡ್ಡ ಬಂದ ಕುರಿ ಹಿಂಡು ಕಂಡು ಬ್ರೇಕ್ ಹಾಕಿದ. ಡಬ್ಬಿ ಜಾರಿ ಸೀಸೆಗಳು ಸೀಟಿನ ಕೆಳಗೆ ಉರುಳಿದವು. ಬಗ್ಗಿ ಆರಿಸಿ, ಸಿಕ್ಕ ಹಾಗೆ ಜೋಡಿಸಿದೆ. ಅವುಗಳ ತಳದಲ್ಲಿ ನಂಬರಿತ್ತು, ಚಿಂತೆಯಿಲ್ಲ.

ಅವಳ ಮನೆಯಲ್ಲಿ ಕೂತು ಮೊದಲನೆಯದನ್ನು ಅವಳ ಮೂಗಿಗೆ ಹಿಡಿದೆ. "ಗುಲಾಬಿ," ಎಂದಳು ಖಚಿತವಾಗಿ. ತಳ ನೋಡಿದೆ. ಬರೀ ಹತ್ತಿ. ಎರಡನೆಯದು "ನಿಂಬೆ" ಎಂದಳು, ಅದು ನೀಲಗಿರಿ. ಲವಂಗಕ್ಕೆ "ಏನೂ ಇಲ್ಲ" ಎಂದಳು. ಅವಳು ಹೇಳುತ್ತಿದ್ದದ್ದು ನನ್ನ ಹಳೇ ಸಾಲು. ಪ್ರತಿ ತಿಂಗಳೂ ನಾನು ಒಂದೇ ಕ್ರಮದಲ್ಲಿ ಕೊಟ್ಟು, ಕೊನೆಗೆ ಸರಿ ಉತ್ತರವನ್ನೂ ಹೇಳಿಬಿಡುತ್ತಿದ್ದೆ, ಅವಳು ಬಾಯಿಪಾಠ ಮಾಡಿಕೊಂಡಿದ್ದಳು.

"ಯಾಕಮ್ಮ ಹಿಂಗೆ ಮಾಡಿದೆ?"

ಅವಳು ಸೆರಗಿನ ತುದಿ ಸುರುಳಿ ಸುತ್ತುತ್ತ ಕೂತಳು. "ವಾಸಿ ಆಗ್ಲಿಲ್ಲ ಅಂದ್ರೆ ಇವಳಿಂದ ಉಪಯೋಗ ಇಲ್ಲ ಅಂತ ಬರೋದು ಬಿಡ್ತೀರಾ ಅನ್ಕೊಂಡೆ. ನಾನು ಹೇಳಿದ್ದನ್ನ ಬರ್ಕೊಳ್ಳೋರು ನೀವೊಬ್ರೇ ಅಲ್ವೇನ್ರಿ."

ಬಾಗಿಲಲ್ಲಿ ನಿಂತಿದ್ದ ಅತ್ತೆ ಬಂದು ನನ್ನ ಕೈಯಲ್ಲಿದ್ದ ಸೀಸೆ ತೆಗೆದುಕೊಂಡು ಮೂಸಿದರು. "ಇದು ಲವಂಗ. ಇಷ್ಟು ಘಾಟು ಐತೆ!" ಅದನ್ನೇ ಸೊಸೆಯ ಮೂಗಿಗೆ ಒತ್ತಿ ಹಿಡಿದು "ಎಳಿ, ಜೋರಾಗಿ ಎಳಿ" ಎಂದರು. ಅವಳು ಎಳೆದಳು, ತಲೆ ಅಲ್ಲಾಡಿಸಿದಳು. ಮತ್ತೆ ಹಿಡಿದರು. ಮತ್ತೆ ಇಲ್ಲ. ಆಮೇಲೆ ಆ ಮುದುಕಿ ಸೀಸೆಯನ್ನು ನನಗೆ ಕೊಟ್ಟು, ಸೊಸೆಯ ಪಕ್ಕದಲ್ಲೇ ಚಾಪೆಯ ಮೇಲೆ ಕೂತರು. ಒಳಗೆ ಮಗ್ಗದ ಸದ್ದು ನಡೆದೇ ಇತ್ತು.

ಡಾಕ್ಟರಿಗೆ ಸುಳ್ಳು ಹೇಳಲಾಗಲಿಲ್ಲ. ಫೋನ್ ಮಾಡಿ ಎಲ್ಲ ಹೇಳಿದೆ. "ತಪ್ಪು ನಮ್ದು. ಕ್ರಮ ಬದಲಾಯಿಸ್ಬೇಕಂತ ನಾನೇ ನಿಮಗೆ ಹೇಳಿಕೊಡ್ಬೇಕಿತ್ತು," ಎಂದರು. ಅವಳ ಪುಟಗಳಿಗೆಲ್ಲ ಅಡ್ಡ ಗೀಟು ಬಿತ್ತು. ಉಳಿದ ಮನೆಗಳಿಗೂ ಮೊದಲಿಂದ ಹೋಗಬೇಕಾಯಿತು. ಇನ್ನೆರಡು ಮನೆಗಳಲ್ಲೂ ಅದೇ ಕಥೆ. ಆ ಬೇಸಿಗೆಯಲ್ಲಿ ನಾನೆಷ್ಟು ಸಲ ಆ ರಸ್ತೆಯಲ್ಲಿ ಓಡಾಡಿದೆನೋ, ಬಸ್ಸಿನ ಕಂಬಿ ಹಿಡಿದುಕೊಂಡೇ ತೂಕಡಿಸುವುದು ಅಭ್ಯಾಸವಾಯಿತು.

ಸಂಶೋಧನೆ ಮುಗಿದ ಮೇಲೆ ಒಮ್ಮೆ ಡಬ್ಬಿಯಿಲ್ಲದೆ ಅವಳ ಮನೆಗೆ ಹೋದೆ. ಒಗ್ಗರಣೆ ಹಾಕುವಾಗ ಅತ್ತೆಯೇ ಅವಳನ್ನು ಹಿತ್ತಲಿಗೆ ಕಳಿಸುತ್ತಾರಂತೆ. ಕಾಫಿಯ ನಾತ ಸ್ವಲ್ಪ ಕಮ್ಮಿಯಾಗಿದೆ, ವಾಸನೆ ಮಾತ್ರ ಬಂದಿಲ್ಲ ಎಂದಳು. ಸೀಸೆಗಳು ಒಣಗಿಹೋಗಿದ್ದರೂ ದಿನಾ ಮೂಸುವುದನ್ನು ಬಿಟ್ಟಿರಲಿಲ್ಲ.

"ಬರುತ್ತೇನ್ರಿ, ಯಾವಾಗ್ಲಾದ್ರೂ?"

"ಕೆಲವ್ರಿಗೆ ಲೇಟಾಗಿ ಬಂದೈತಂತೆ. ನಿನಗೆ ಬರುತ್ತೋ ಇಲ್ವೋ, ನನಗೆ ಗೊತ್ತಿಲ್ಲಮ್ಮ. ಡಾಕ್ಟರಿಗೂ ಗೊತ್ತಿಲ್ಲ."

ಅವಳು ತಲೆಯಾಡಿಸಿದಳು. ಅತ್ತೆ ಒಳಗಿನಿಂದ ನೀರು ತಂದರು. ಕುಡಿದು, ಸ್ವಲ್ಪ ಹೊತ್ತು ಗೋಡೆಗೆ ಒರಗಿ ಕೂತಿದ್ದು, ಬಸ್ಸಿಗೆ ಹೊರಟೆ.