ರಾಘುವಿನ ಏಕಾದಶಿ

ಆಗೆಲ್ಲ ಪುಣೆಯಲ್ಲಿ ಹಲವು ಬಾಡಿಗೆ ಸಂಸಾರಗಳಿದ್ದ ನಮ್ಮ ಹಳೇ ವಾಡೆಯಲ್ಲಿ ಯಾರಾದರೂ ಊರಿಗೆ ಹೊರಟರೆ ಮನೆಯ ಕೀಲಿಕೈ, ತುಳಸಿಗೆ ನೀರು ಹಾಕುವ ಕೆಲಸ, ಸಾಕಿದ ಪ್ರಾಣಿ, ಎಲ್ಲವೂ ಪಕ್ಕದ ಮನೆಗೆ ಬರುತ್ತಿದ್ದವು. ಆ ಬೇಸಿಗೆ ರಜೆಯಲ್ಲಿ ಪಕ್ಕದ ಮನೆಯ ಶಾಂತಾ ಕಾಕು ಭೋರ್‌ನಲ್ಲಿದ್ದ ತಮ್ಮನ ಮನೆಗೆ ಹೋದಾಗ ನಮ್ಮ ಪಾಲಿಗೆ ಬಂದದ್ದು ಅವರ ಗಿಳಿ, ರಾಘು. ಒಂಟಿ ಜೀವದ ಕಾಕುಗೆ ಅದೇ ಮನೆಮಂದಿ. ಜೋಪಾನವಾಗಿ ನೋಡಿಕೋ ಎಂದು ನನಗೇ ಮರಾಠಿಯಲ್ಲಿ ಹೇಳಿ ಹೋಗಿದ್ದರು. ಎಲ್ಲದಕ್ಕೂ ಹೆದರುವ ಹುಡುಗಿಗೆ ಇಂಥ ಮಾತು ಹೇಳಬಾರದು.

ರಾಘುವಿಗೆ ನೆನೆಸಿದ ಕಡಲೆಬೇಳೆ, ಹಸಿಮೆಣಸಿನಕಾಯಿ, ಪೇರಲಹಣ್ಣು ಆಗುತ್ತಿತ್ತು. ಏಕಾದಶಿಗೆ ಮಾತ್ರ ಬೇಯಿಸಿದ ಶೇಂಗಾ. ತೊಡಕಾದದ್ದು ಇಲ್ಲೇ, ಕಾಕು ಊರಲ್ಲಿಲ್ಲದಾಗಲೇ ಏಕಾದಶಿ ಬಂತು. ಕಾಕು ಮನೆಯಲ್ಲಿ ಏಕಾದಶಿಯೆಂದರೆ ಸಾಬೂದಾಣಿ ಖಿಚಡಿಯ ಘಮಘಮ. ವಿಜಾಪುರದ ಕಡೆಯವಳಾದ ನಮ್ಮಜ್ಜಿಗೆ ಹನಿ ನೀರೂ ಇಲ್ಲ.

"ಶೇಂಗಾ ತಿಂದ್ರ ಅದಕ್ಕ ಉಪವಾಸ ಅಂತಾರೇನು?" ಎಂದಳು ಅಜ್ಜಿ. "ಪಕ್ಷಿ ಅಂತ ನೀರರ ಇಟ್ಟೀನಿ."

ಬೆಳಿಗ್ಗೆಯಿಂದ ಕಿರುಚಿ ರಾಘು ಸೋತಿತು. ಮಧ್ಯಾಹ್ನ ಎಂದಿನಂತೆ ಪಂಜರದಿಂದ ಬಿಟ್ಟಾಗ, ರೆಕ್ಕೆ ಕತ್ತರಿಸಿದ್ದ ಆ ಹಕ್ಕಿ ಒಣಹಾಕಿದ್ದ ಸಂಡಿಗೆಗಳ ಪಕ್ಕದಲ್ಲೇ ನಡೆದುಕೊಂಡು ಮನೆಗಳ ಮುಂದಿನ ಗ್ಯಾಲರಿಯ ತುದಿಗೆ ಹೋಯಿತು. ಅಲ್ಲಿ ಉಡುಪಿ ಹೋಟೆಲಿನ ಮ್ಯಾನೇಜರ್ ಶೆಟ್ಟರ ಮನೆ, ಬಾಗಿಲಲ್ಲಿ ಅವರ ನಾಯಿ ರಾಜಾ. ನಾನು ಚೌಕಾಬಾರದ ಮನೆ ಗೀಚುತ್ತಿದ್ದೆ. ಕಟಕಟ ಸದ್ದು ಕೇಳಿ ತಲೆಯೆತ್ತಿದರೆ, ರಾಘು ಒಂಟಿಕಾಲಲ್ಲಿ ನಿಂತು ಇನ್ನೊಂದು ಕಾಲಲ್ಲಿ ರಾಜಾನ ತಾಟಿನ ನಾಯಿ ಬಿಸ್ಕೀಟು ಹಿಡಿದು ತಿನ್ನುತ್ತಿತ್ತು. ಬಿಸಿಲಿಗೆ ಸೋತ ರಾಜಾ ಮಲಗಿಕೊಂಡೇ ನೋಡುತ್ತಿತ್ತು. ಉಳಿದ ಚೂರನ್ನು ಕಸಿದು ಮೂಸಿದೆ. ಹುರಿದ ಗೋಧಿಯ ವಾಸನೆ, ಅದರ ಹಿಂದೆ ಹಳೇ ಚಪ್ಪಲಿಯದು.

ಶೆಟ್ಟರು ಡಬ್ಬಿಯ ಮೇಲಿನದನ್ನು ಓದಿದರು: ಗೋಧಿ, ಉಪ್ಪು, ಮಾಂಸ, ಎಲುಬಿನ ಪುಡಿ. ಅಜ್ಜಿ ಗೋಡೆಗೆ ಒರಗಿ ಕೂತುಬಿಟ್ಟಳು. ನನಗೆ ಮೈಲಿಗೆಯ ಚಿಂತೆಯಿರಲಿಲ್ಲ. ರಾಘು ಸತ್ತರೆ ಕಾಕುಗೆ ಏನು ಹೇಳುವುದು?

"ಎಂತ ಆಗುದಿಲ್ಲ ಮಗಾ. ರಾಜಾ ದಿನಾ ತಿಂತಾನಲ್ಲ?" ಎಂದರು ಶೆಟ್ಟರು.

"ರಾಜಾ ನಾಯಿ ಅದಾನ್ರಿ" ಎಂದೆ ನಾನು.

ಶೆಟ್ಟರು ಹೋಟೆಲಿಗೆ ಹೋಗಿ ರಾಜಾನ ಡಾಕ್ಟರಿಗೆ ಫೋನು ಮಾಡಿ ಬಂದರು. ಒಂದು ಚೂರಿಗೆ ಜೀವ ಹೋಗುವುದಿಲ್ಲವಂತೆ. ಆದರೆ ನಾಯಿಗೆಂದು ಹಾಕಿದ ಉಪ್ಪು, ಕೊಬ್ಬು ಹಕ್ಕಿಗಲ್ಲ, ರೂಢಿ ಮಾಡಿಸಬೇಡಿ. ಪುಕ್ಕ ಉಬ್ಬಿಸಿ ಮಂಕಾಗಿ ಕೂತರೆ, ತಿನ್ನದಿದ್ದರೆ, ಹಿಕ್ಕೆ ನೀರಾದರೆ ಕೂಡಲೇ ಕರೆತನ್ನಿ. ಸದ್ಯಕ್ಕೆ ಅದರ ಆಹಾರ ಅದಕ್ಕೆ ಕೊಡಿ.

ಎಲ್ಲರೂ ಅಜ್ಜಿಯ ಕಡೆ ನೋಡಿದೆವು.

ಅಜ್ಜಿ ಎದ್ದು ಸ್ಟೋವ್ ಹಚ್ಚಿದಳು. ಏಕಾದಶಿಯ ದಿನ ನಮ್ಮ ಮನೆಯಲ್ಲಿ ಒಲೆ ಉರಿದದ್ದನ್ನು ನಾನು ಅದೇ ಮೊದಲು ಕಂಡದ್ದು. ಒಣಗಿದ ಬಾಯಲ್ಲಿ ಶೇಂಗಾದ ಹಬೆಯ ಮುಂದೆ ಕೂತು, "ನನ್ನ ಹಠಕ್ಕ ಅದು ನಾಯಿ ತಾಟಿಗೆ ಬಾಯಿ ಹಾಕ್ತು" ಎಂದಳು. ಸಿಪ್ಪೆ ಸುಲಿದು, ಆರಿಸಿ, ಒಂದೊಂದೇ ಕಾಳು ಕೊಟ್ಟಳು.

ನಾನು ಪಂಜರದಡಿಗೆ ಕಾಗದ ಹಾಸಿ ಹಿಕ್ಕೆಯ ಪರೀಕ್ಷೆಗೆ ಕೂತೆ. ನನ್ನ ಜೀವನದ ಏಕೈಕ ವೈಜ್ಞಾನಿಕ ಸಂಶೋಧನೆ. ಸಂಜೆ ರಾಘು ಪುಕ್ಕ ಉಬ್ಬಿಸಿದ್ದೇ ನಾನು ಅತ್ತುಬಿಟ್ಟೆ. ಅದಕ್ಕ ನಿದ್ದಿ ಬಂದದ ಎಂದು ಅಪ್ಪ ದೀಪ ಆರಿಸಿದರು. ಬೆಳಿಗ್ಗೆ ಮೆಣಸಿನಕಾಯಿಗಾಗಿ ಅದು ಕಿರುಚಿದಾಗ ಅಜ್ಜಿ ದೇವರ ಮುಂದೆ ಇನ್ನೊಂದು ನಮಸ್ಕಾರ ಹಾಕಿದಳು.

ಕಾಕು ಬಂದ ಮೇಲೆ ಅಜ್ಜಿ ತಾನೇ ಎಲ್ಲ ಹೇಳಿದಳು. ಅವರು ನಕ್ಕರೋ ಬೈದರೋ ನೆನಪಿಲ್ಲ. ಆಮೇಲೆ ವಾಡೆ ಬಿಡುವವರೆಗೂ ಪ್ರತಿ ಏಕಾದಶಿ ಅಜ್ಜಿ ತಾನು ಹನಿ ನೀರು ಮುಟ್ಟದೆ ರಾಘುವಿಗೆ ಶೇಂಗಾ ಬೇಯಿಸಿ ಕಾಕು ಮನೆಗೆ ಕೊಡುತ್ತಿದ್ದಳು. ಅದು ಮಾತ್ರ ಚೆನ್ನಾಗಿ ನೆನಪಿದೆ.

ಈಗ ಪುಣೆಯ ಅಂಚಿನ ಕಾತ್ರಜದ ಕಡೆ ನಮ್ಮ ಫ್ಲ್ಯಾಟು. ಕಾನೂನಿನ ಪ್ರಕಾರ ನಮ್ಮ ದೇಶದ ಗಿಳಿ ಹಿಡಿದು ಸಾಕುವಂತಿಲ್ಲ, ಒಳ್ಳೆಯದೇ. ಜನ ವಿದೇಶಿ ಹಕ್ಕಿ ಸಾಕುತ್ತಾರೆ. ಮೊನ್ನೆ ಸೊಸೈಟಿಯ ಮೆಸೇಜ್ ಗ್ರೂಪಿನಲ್ಲಿ ಯಾರೋ ಕೇಳಿದ್ದರು: ಹಕ್ಕಿ ಬೆಕ್ಕಿನ ಆಹಾರ ತಿಂದಿದೆ, ಏನಾದರೂ ಆಗುತ್ತದೆಯೇ? ಉಪ್ಪು, ಕೊಬ್ಬು, ಹಿಕ್ಕೆ ಎಂದು ಉದ್ದಕ್ಕೆ ಬರೆದು ಕಳಿಸಿದ ಮೇಲೆ ಫ್ಲ್ಯಾಟ್ ನಂಬರು ನೋಡಿದೆ. ನಮ್ಮ ಎದುರು ಬಾಗಿಲಿನದು. ಅಲ್ಲೊಂದು ಹಕ್ಕಿಯಿದೆ ಎಂಬುದೇ ನನಗೆ ಗೊತ್ತಿರಲಿಲ್ಲ.

ಶೇಂಗಾ ಬೇಯಿಸಿ, ಆರಿಸಿ, ಬಟ್ಟಲಿಗೆ ಹಾಕಿಕೊಂಡು ಹೊರಟೆ. ಬೆಲ್ ಒತ್ತುವ ಮೊದಲು, ಬರಬಹುದೇ ಎಂದು ಮೆಸೇಜು ಮಾಡಿ ಉತ್ತರಕ್ಕೆ ಕಾಯುತ್ತ ನಿಂತೆ.